ಮಕ್ಕಳಿಗೆ ಪುರಾಣದ ಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಚಿತ್ರದುರ್ಗದ ನಮ್ಮ ಮನೆ ಜಗಲಿಯಲ್ಲಿ ಓಣಿಯ ಮಕ್ಕಳನ್ನು ಕೂರಿಸಿಕೊಂಡು ಕಥೆ ಓದುತ್ತೇನೆ. ಟೀಚರ್ ಕೆಲಸದಿಂದ ನಿವೃತ್ತಿಯಾದ ಮೇಲೆ ಶುರುವಾದ ಅಭ್ಯಾಸ ಇದು. ಹನ್ನೊಂದೂವರೆಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರು ಗೇಟಿನ ಹತ್ತಿರ ನಿಂತು ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಪುರಾಣದ ಪುಸ್ತಕಗಳದ್ದೇ. ಒಬ್ಬರಿಗೆ ಹೇಳಿದ್ದನ್ನೇ ಇನ್ನೊಬ್ಬರಿಗೆ ಹೇಳಿ ಹೇಳಿ ಸಾಕಾಗಿ, ಒಂದು ಕಡೆ ಬರೆದಿಟ್ಟಿದ್ದೇನೆ. ಒಪ್ಪದವರು ಭಾನುವಾರ ಬನ್ನಿ, ಕೂತು ಜಗಳ ಆಡೋಣ.

ಎಷ್ಟನೇ ವಯಸ್ಸಿಗೆ ಶುರು ಮಾಡಬಹುದು?

ಮೂರು ವರ್ಷಕ್ಕೇ ಮಾಡಬಹುದು. ಬೆಣ್ಣೆ ಕದಿಯುವ ಕೃಷ್ಣ, ಸೂರ್ಯನನ್ನು ಹಣ್ಣು ಅಂದುಕೊಂಡು ಹಾರಿದ ಹನುಮ, ಇಲಿ ಮೇಲೆ ಕೂತ ಗಣಪ, ಇಷ್ಟು ಸಾಕು. ಪುಟಕ್ಕೆ ಎರಡು ಸಾಲು, ದೊಡ್ಡ ಚಿತ್ರ, ಗಟ್ಟಿ ರಟ್ಟು. ಆರೇಳು ವರ್ಷಕ್ಕೆ ಒಂದೇ ಸಲ ಕೂತು ಮುಗಿಸುವಂಥ ಬಿಡಿ ಕಥೆಗಳು: ಧ್ರುವ, ಪ್ರಹ್ಲಾದ, ಬಕಾಸುರ. ಬಂಡಿ ಅನ್ನ ತಿನ್ನುವ ಭೀಮ ಬೇಡ ಅಂದ ಮಗುವನ್ನು ನಾನಿನ್ನೂ ನೋಡಿಲ್ಲ. ಒಂಬತ್ತು ಹತ್ತರ ಹೊತ್ತಿಗೆ ದಿನಾ ಸ್ವಲ್ಪ ಸ್ವಲ್ಪ ಓದಿ ಇಡೀ ರಾಮಾಯಣ ಮುಗಿಸಬಹುದು. ಮುಖಪುಟದ ಮೇಲೆ ಇಷ್ಟರಿಂದ ಇಷ್ಟು ವರ್ಷ ಅಂತ ಬರೆದಿರುತ್ತಾರಲ್ಲ, ಅದನ್ನು ಜಾಸ್ತಿ ನೆಚ್ಚಿಕೊಳ್ಳಬೇಡಿ. ನಿಮ್ಮ ಮಗು ನಿಮಗೆ ಗೊತ್ತು, ಅಚ್ಚು ಹಾಕಿದವರಿಗೆ ಗೊತ್ತಿಲ್ಲ.

ಅಂಗಡಿಯಲ್ಲಿ ನಿಂತಾಗ ಪುಸ್ತಕ ಒಳ್ಳೆಯದೋ ಅಲ್ಲವೋ ಹೇಗೆ ಗೊತ್ತಾಗುತ್ತೆ?

ಮಧ್ಯದ ಒಂದು ಪುಟ ತೆಗೆದು ಬಾಯಿಬಿಟ್ಟು ಓದಿ. ಅಂಗಡಿಯವರು ನೋಡಿದರೆ ನೋಡಲಿ. ಮೊದಲ ಪುಟ ಬೇಡ, ಅದನ್ನು ಎಲ್ಲರೂ ಮುತುವರ್ಜಿಯಿಂದಲೇ ಬರೆದಿರುತ್ತಾರೆ. ಮಧ್ಯದಲ್ಲಿ ನಾಲಿಗೆ ತೊಡರಿದರೆ ಪುಸ್ತಕ ಇದ್ದಲ್ಲೇ ಇಟ್ಟುಬಿಡಿ.

"ಹನುಮಂತನಿಂದ ಲಂಕೆಯು ಸುಡಲ್ಪಟ್ಟಿತು." ಇಂಥ ಸಾಲು ಸುಮಾರು ಪುಸ್ತಕಗಳಲ್ಲಿ ಕಾಣುತ್ತೆ. ನಮ್ಮ ಯಾವ ಅಜ್ಜಿಯೂ ಹೀಗೆ ಕಥೆ ಹೇಳಿಲ್ಲ. "ಹನುಮಂತ ಬಾಲದಲ್ಲೇ ಲಂಕೆ ಸುಟ್ಟುಬಿಟ್ಟ" ಅಂತಾರೆ. ಒಂದೇ ಪುಟದಲ್ಲಿ ಮೂರು ಸಲ "ಲ್ಪಟ್ಟಿತು" ಸಿಕ್ಕರೆ ಅದು ಇಂಗ್ಲಿಷಿನಿಂದ ಅವಸರದಲ್ಲಿ ಇಳಿಸಿದ ಪುಸ್ತಕ ಅಂತ ಲೆಕ್ಕ. ಇನ್ನು ಕೆಲವರು "ಕ್ರೋಧಾವಿಷ್ಟನಾದ ದಶಕಂಠನು" ಅಂತ ಶುರು ಮಾಡುತ್ತಾರೆ. ರಾವಣನಿಗೆ ಸಿಟ್ಟು ನೆತ್ತಿಗೇರಿತು ಅನ್ನೋಕೆ ಇಷ್ಟು ಕಷ್ಟ ಪಡಬೇಕಾ?

ಹಾಗಂತ ಹಳೆಯ ಪದಗಳನ್ನೆಲ್ಲ ಕಿತ್ತುಹಾಕಿದ ಪುಸ್ತಕವೂ ನನಗೆ ಬೇಡ. ಬತ್ತಳಿಕೆ, ಗದೆ, ಪಗಡೆ, ಅರಗಿನ ಮನೆ, ಇವು ಇರಲೇಬೇಕು. ಬತ್ತಳಿಕೆ ಅಂದರೇನು ಅಂತ ಕೇಳಿದ ಹುಡುಗನೊಬ್ಬ ಮುಂದಿನ ವಾರ ಸ್ಕೂಲ್ ಬ್ಯಾಗಿಗೆ ತೆಂಗಿನ ಗರಿಯ ಕಡ್ಡಿಗಳನ್ನು ಸಿಕ್ಕಿಸಿಕೊಂಡು ಬಂದಿದ್ದ.

ಆಮೇಲೆ ಕೊನೆಯ ಪುಟ ನೋಡಿ. "ಈ ಕಥೆಯ ನೀತಿ" ಅಂತ ಚೌಕ ಹಾಕಿ ಬರೆದಿದ್ದರೆ ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ. ಯಾಕೆ ಅಂತ ಹೇಳುತ್ತೇನೆ. ಒಂದು ಭಾನುವಾರ ಏಕಲವ್ಯನ ಕಥೆ ಓದುತ್ತಿದ್ದೆ. ಹೆಬ್ಬೆರಳು ಕತ್ತರಿಸಿ ಕೊಟ್ಟ ಅಂತ ಓದಿದ ತಕ್ಷಣ ಜಗಲಿ ಪೂರ್ತಿ ಗಪ್‌ಚುಪ್. ನೋಡಿದರೆ ಮಕ್ಕಳೆಲ್ಲ ಹೆಬ್ಬೆರಳು ಮಡಚಿಕೊಂಡು, ಉಳಿದ ನಾಲ್ಕು ಬೆರಳಲ್ಲಿ ಪೆನ್ಸಿಲ್ ಹಿಡಿಯೋಕೆ ಆಗುತ್ತಾ ಅಂತ ನೋಡುತ್ತಿದ್ದಾರೆ! "ಮಿಸ್, ಬರೆಯೋಕೇ ಆಗಲ್ಲ, ಬಾಣ ಹೆಂಗ್ ಬಿಡ್ತಾನೆ?" ಅಂದ ಒಬ್ಬ. "ಮೇಷ್ಟ್ರು ಮಾಡಿದ್ದು ತಪ್ಪು" ಅಂದಳು ಇನ್ನೊಬ್ಬಳು. ಪುಸ್ತಕದಲ್ಲಿ ಮುಂದಿನ ಸಾಲು "ನಾವೂ ಏಕಲವ್ಯನಂತೆ ಗುರುಭಕ್ತಿ ಬೆಳೆಸಿಕೊಳ್ಳಬೇಕು" ಅಂತಿತ್ತು. ಅದನ್ನು ಓದದೆ ಪುಸ್ತಕ ಮುಚ್ಚಿದೆ. ಆ ಸಾಲು ಓದಿದ್ದರೆ ಅವಳ ಬಾಯಿ ಮುಚ್ಚಿಸಿದ ಹಾಗೆ ಆಗುತ್ತಿತ್ತು. ಅವತ್ತಿನಿಂದ ಪುಸ್ತಕ ಆರಿಸುವಾಗ ನಾನು ಮುಖ್ಯವಾಗಿ ನೋಡುವುದು ಇದೊಂದನ್ನೇ: ಮಗು ಪ್ರಶ್ನೆ ಕೇಳೋಕೆ ಜಾಗ ಬಿಟ್ಟಿದ್ದಾರಾ, ಇಲ್ಲವಾ.

ರಾಮಾಯಣ ಮೊದಲೋ, ಮಹಾಭಾರತ ಮೊದಲೋ?

ರಾಮಾಯಣ. ಊರು, ಕಾಡು, ಕಡಲು, ಲಂಕೆ, ತಿರುಗಿ ಊರು, ದಾರಿ ನೇರ ಇದೆ. ಮಹಾಭಾರತದಲ್ಲಿ ಮಗು ಹೆಸರುಗಳಲ್ಲೇ ಕಳೆದುಹೋಗುತ್ತೆ. ಅದನ್ನು ಮೊದಲು ಬಿಡಿ ಕಥೆಗಳಾಗಿ ಹೇಳಿ, ಆಮೇಲೆ ಪೋಣಿಸಿ. ವಂಶವೃಕ್ಷದ ಒಂದು ಚಿತ್ರ ಇರುವ ಪುಸ್ತಕ ಸಿಕ್ಕರೆ ಬಿಡಬೇಡಿ, ದೊಡ್ಡವರಿಗೂ ಬೇಕಾಗುತ್ತೆ.

ತಲೆ ಕಡಿಯೋದು, ಹೊಟ್ಟೆ ಸೀಳೋದು… ಮಕ್ಕಳು ಹೆದರಲ್ವಾ?

ನರಸಿಂಹ ಹೊಟ್ಟೆ ಸೀಳಿದ್ದಕ್ಕೆ ಯಾರೂ ಹೆದರಿಲ್ಲ. ಅದು ಅವರಿಗೆ ಹಬ್ಬ. ಕಂಬ ಒಡೆಯುವ ಸದ್ದನ್ನು ನಾನು ಮಾಡಲೇಬೇಕು, ಇಲ್ಲದಿದ್ದರೆ ಬಿಡಲ್ಲ. ಕೆಟ್ಟವನಿಗೆ ತಕ್ಕ ಶಾಸ್ತಿ ಆಯಿತು ಅಂತ ಅವರ ಲೆಕ್ಕ ಅಲ್ಲಿಗೆ ಚುಕ್ತಾ.

ಹೆದರುವುದು ಬೇರೆ ಕಡೆ. ಗಣಪನ ತಲೆ ಕಡಿದ ಕಥೆಗೆ ಐದು ವರ್ಷದ ಹುಡುಗಿಯೊಬ್ಬಳು ಅಳು ಮುಖ ಮಾಡಿಕೊಂಡು ಕೇಳಿದ್ದು, "ಅವರಪ್ಪನೇ ಯಾಕೆ ಕಡಿದ?" ರಾಕ್ಷಸ ಮಾಡುವ ಹಿಂಸೆಗಿಂತ ಅಪ್ಪ ಅಮ್ಮ ಮಾಡುವ ಹಿಂಸೆ ಮಕ್ಕಳಿಗೆ ನಾಟುತ್ತೆ. ಆದ್ದರಿಂದ ಅಪ್ಪನ ಮಾತು ಕೇಳಿ ಪರಶುರಾಮ ತಾಯಿಯ ತಲೆ ಕಡಿದ ಕಥೆಯನ್ನು ಹತ್ತು ವರ್ಷಕ್ಕೆ ಮುಂಚೆ ನಾನಾಗಿ ಓದಲ್ಲ. ಆ ತಾಯಿಯನ್ನೇ ಎಲ್ಲಮ್ಮ ಅಂತ ನಡೆದುಕೊಳ್ಳುವ ಮನೆಗಳಲ್ಲಿ ಮಕ್ಕಳು ಅದನ್ನು ಹೇಗೂ ಕೇಳಿರುತ್ತಾರೆ. ಕೇಳಿ ಬಂದವರು ಪ್ರಶ್ನೆ ಎತ್ತಿದರೆ ಮಾತಾಡುತ್ತೇನೆ.

ದ್ರೌಪದಿ ಸೀರೆ ಎಳೆದ ಭಾಗ ಬಂದಾಗ ಪುಟ ಹಾರಿಸೋದಾ?

ಹಾರಿಸಬೇಡಿ. ಅದಿಲ್ಲದಿದ್ದರೆ ಯುದ್ಧ ಯಾಕಾಯಿತು ಅಂತಲೇ ತಿಳಿಯಲ್ಲ. "ತುಂಬಿದ ಸಭೆಗೆ ಕೂದಲು ಹಿಡಿದು ಎಳೆದು ತಂದರು, ಅವಮಾನ ಮಾಡಿದರು, ದೊಡ್ಡವರೆಲ್ಲ ತಲೆ ತಗ್ಗಿಸಿ ಕೂತಿದ್ದರು" ಅಂದರೆ ಎಂಟು ವರ್ಷದವರಿಗೆ ಸಾಕು. ಪುಸ್ತಕದಲ್ಲಿ ಒಂದು ಮಾತು ಇದೆಯಾ ನೋಡಿ. ದ್ರೌಪದಿ ಸಭೆಯನ್ನು ಕೇಳುತ್ತಾಳೆ: ಧರ್ಮರಾಯ ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ? ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ನುಂಗಿಹಾಕಿ, ಬರೀ ಅಳುವ ದ್ರೌಪದಿ ಮತ್ತು ಸೀರೆ ಕಳಿಸುವ ಕೃಷ್ಣನನ್ನು ತೋರಿಸುವ ಪುಸ್ತಕ ಅರ್ಧ ಪುಸ್ತಕ.

ಚಿತ್ರ ಚೆನ್ನಾಗಿದ್ದರೆ ಸಾಕಲ್ವಾ?

ಯಾರನ್ನು ಹೇಗೆ ಬರೆದಿದ್ದಾರೆ ಅಂತ ನೋಡಿ. ಈ ವಿಷಯದಲ್ಲಿ ನಾನೇ ಒಂದು ಸಲ ಬೇಸ್ತು ಬಿದ್ದಿದ್ದೇನೆ. ಜಾತ್ರೆಯ ಪುಸ್ತಕದಂಗಡಿಯಲ್ಲಿ ಮಿರಮಿರ ಮಿಂಚುವ ಸೆಟ್ ಒಂದನ್ನು ಚೌಕಾಸಿ ಮಾಡಿ ತಂದೆ. ಮನೆಗೆ ಬಂದು ಬಿಡಿಸಿದರೆ ದೇವರು, ರಾಜ, ರಾಣಿ ಎಲ್ಲ ಹಾಲಿನ ಬಣ್ಣ. ರಾಕ್ಷಸರು, ಬೇಡರು, ಕಾಡಿನವರು ಎಲ್ಲ ಕಪ್ಪು. ಬಿಸಿಲಲ್ಲಿ ಕುಣಿದು ಕಪ್ಪಗಾದ ಹುಡುಗನೊಬ್ಬ ಚಿತ್ರದ ಮೇಲೆ ತನ್ನ ಕೈ ಇಟ್ಟು ನೋಡಿಕೊಂಡ. "ಮಿಸ್, ಹಂಗಾದ್ರೆ ನಾನು ರಾಕ್ಷಸರ ಕಡೆನಾ?"

ಕೃಷ್ಣ ಅನ್ನುವ ಹೆಸರಿಗೇ ಕಪ್ಪು ಅಂತ ಅರ್ಥ. ರಾಮನೂ ಶ್ಯಾಮಲ. ದ್ರೌಪದಿಯ ಇನ್ನೊಂದು ಹೆಸರು ಕೃಷ್ಣೆ. ಮಹಾಭಾರತ ಬರೆದ ವ್ಯಾಸರಂತೂ ಕೃಷ್ಣದ್ವೈಪಾಯನರು. ಇವರನ್ನೆಲ್ಲ ಬಿಟ್ಟರೆ ಕಥೆಯಲ್ಲಿ ಉಳಿಯುವುದು ಯಾರು ಹೇಳಿ? ಅವನಿಗೆ ಇಷ್ಟನ್ನೂ ಹೇಳಿದೆ. ಮುಂದಿನ ವಾರ ಅವನು ಕ್ರಯಾನ್ ತಂದು ಆ ಪುಸ್ತಕದ ರಾಮನಿಗೆ ಕಂದು ಬಣ್ಣ ಬಳಿದ. ನಾನು ಬಯ್ಯಲಿಲ್ಲ.

ವಾಲ್ಮೀಕಿ ಮೊದಲು ದರೋಡೆ ಮಾಡುತ್ತಿದ್ದ ಅಂತ ಪುಸ್ತಕದಲ್ಲಿದೆ. ಅದನ್ನು ಮಗಳಿಗೆ ಹೇಳಲಾ?

ಚಿತ್ರದುರ್ಗ, ದಾವಣಗೆರೆ, ನಮ್ಮ ಈ ಎರಡೂ ಜಿಲ್ಲೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ. ವಾಲ್ಮೀಕಿಯನ್ನು ತಮ್ಮ ಕುಲದ ಹಿರಿಯ ಅಂತ ಪೂಜಿಸುವ ನಾಯಕ ಸಮುದಾಯದ ಮನೆಗಳು ಇಲ್ಲಿ ಲೆಕ್ಕವಿಲ್ಲದಷ್ಟಿವೆ. ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠವೇ ಇದೆ. ಕೇಳಿದ ತಾಯಿಯೂ ಅಂಥದ್ದೇ ಮನೆಯವರು, ಮಗಳನ್ನು ಶಾಲೆಯಲ್ಲಿ ಯಾರೋ ಆಡಿಕೊಂಡಿದ್ದರಂತೆ.

ವಿಷಯ ಇಷ್ಟು. ದರೋಡೆಯ ಕಥೆ ವಾಲ್ಮೀಕಿ ರಾಮಾಯಣದಲ್ಲಿ ಇಲ್ಲ. ಅದು ಬಂದಿದ್ದು ಆಮೇಲಿನ ಗ್ರಂಥಗಳಲ್ಲಿ. ಮೂಲದ ಬಾಲಕಾಂಡದಲ್ಲಿ ಇರುವುದು ಕ್ರೌಂಚ ಹಕ್ಕಿಯ ಕಥೆ. ಜೋಡಿ ಹಕ್ಕಿಗಳಲ್ಲಿ ಒಂದನ್ನು ಬೇಡ ಹೊಡೆಯುತ್ತಾನೆ. ಉಳಿದ ಹಕ್ಕಿಯ ಗೋಳು ಕೇಳಲಾರದೆ ವಾಲ್ಮೀಕಿಯ ಬಾಯಿಂದ ಮಾತು ಶ್ಲೋಕವಾಗಿ ಹೊರಡುತ್ತೆ. ನಾನಂತೂ ಹಕ್ಕಿಯಿಂದ ಶುರುವಾಗುವ ಪುಸ್ತಕವನ್ನೇ ಆರಿಸುತ್ತೇನೆ. ದೊಡ್ಡ ಮಕ್ಕಳಿಗೆ ಎರಡೂ ಕಥೆ ಹೇಳಿ, ಯಾವುದು ಎಲ್ಲಿಂದ ಬಂತು ಅಂತಲೂ ಹೇಳಿ.

ಒಂದು ಪುಸ್ತಕದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದೆಯಲ್ಲ, ಯಾವುದು ಸರಿ?

ಗಣಪನ ಹಲ್ಲು ಹೇಗೆ ಮುರಿಯಿತು? ವ್ಯಾಸರು ಹೇಳಿದ ಮಹಾಭಾರತ ಬರೆಯೋಕೆ ತಾನೇ ಮುರಿದುಕೊಂಡ ಅಂತ ಒಂದು ಕಥೆ. ಪರಶುರಾಮನ ಕೊಡಲಿ ಬಿತ್ತು ಅಂತ ಇನ್ನೊಂದು. ನಕ್ಕ ಚಂದ್ರನಿಗೆ ಕಿತ್ತು ಎಸೆದ ಅಂತ ಮತ್ತೊಂದು. ಮೂರನ್ನೂ ಹೇಳಿ ಮಕ್ಕಳನ್ನೇ ಕೇಳಿ. ನಮ್ಮ ಜಗಲಿಯಲ್ಲಿ ಚಂದ್ರನಿಗೇ ಯಾವಾಗಲೂ ಜಾಸ್ತಿ ವೋಟು.

ರಾಮಾಯಣದ ವಿಷಯವೂ ಇದೇ. ಎಲ್ಲರ ಬಾಯಲ್ಲೂ ಇರುವ ಲಕ್ಷ್ಮಣರೇಖೆ ವಾಲ್ಮೀಕಿಯಲ್ಲಿ ಇಲ್ಲ. ಕನ್ನಡದಲ್ಲೇ ಜೈನ ಕವಿ ನಾಗಚಂದ್ರ ಬರೆದ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಕುವೆಂಪು ಅವರ ರಾವಣನೇ ಬೇರೆ. ಪಂಪ 10ನೇ ಶತಮಾನದಲ್ಲಿ ಮಹಾಭಾರತ ಹೇಳುವಾಗ ಕರ್ಣನನ್ನು ನೆನೆಯಿರಿ ಅಂತ ಬೇರೆಯಾಗಿಯೇ ಎತ್ತಿ ಹೇಳುತ್ತಾನೆ. ನಮ್ಮ ಹಳ್ಳಿಗಳ ಬಯಲಾಟದಲ್ಲಿ ಬೆಳಗಿನ ಜಾವಕ್ಕೆ ಬರುವ ದುರ್ಯೋಧನನಿಗೆ ಬೀಳುವ ಶಿಳ್ಳೆ ಕೇಳಿದರೆ ಹೀರೋ ಯಾರು ಅಂತ ಅನುಮಾನ ಬರುತ್ತೆ. ಇಷ್ಟೆಲ್ಲ ಇರುವಾಗ "ಇದೇ ನಿಜವಾದ ರಾಮಾಯಣ" ಅಂತ ಮುಖಪುಟದಲ್ಲಿ ಬರೆದುಕೊಂಡ ಪುಸ್ತಕವನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. "ಹೀಗೂ ಹೇಳುತ್ತಾರೆ" ಅಂತ ಒಂದು ಸಾಲು ಸೇರಿಸಿದವರು ಜಾಣರು.

"ಇದೆಲ್ಲ ನಿಜಾನಾ?" ಅಂತ ಕೇಳಿದರೆ ಏನು ಹೇಳೋದು?

"ನಿನಗೇನು ಅನ್ಸುತ್ತೆ?" ಅಂತ ತಿರುಗಿ ಕೇಳಿ. ಅದರ ಮೇಲೆ ನಿಮ್ಮ ಮನೆಯ ನಂಬಿಕೆ ಏನೋ ಅದನ್ನು ಹೇಳಿ. ನನ್ನ ಉತ್ತರ ನಿಮ್ಮ ಮನೆಗೆ ಯಾಕೆ?

ನಮ್ಮ ಕಡೆಯ ಪುರಾಣದ ಪುಸ್ತಕ ಸಿಗುತ್ತಾ?

ಮಕ್ಕಳಿಗೆ ಅಂತಲೇ ಬರೆದದ್ದು ಕಡಿಮೆ. ಆದರೆ ಪುಸ್ತಕದ ಕಥೆಯನ್ನು ಊರಿಗೆ ತಂದು ಕಟ್ಟಬಹುದು. ದುರ್ಗದವರಿಗೆ ಇದು ಪುಣ್ಯ.

ಅರಗಿನ ಮನೆಯಿಂದ ತಪ್ಪಿಸಿಕೊಂಡ ಪಾಂಡವರು ಕಾಡಿಗೆ ಬರುತ್ತಾರೆ, ಭೀಮ ಹಿಡಿಂಬನನ್ನು ಕೊಲ್ಲುತ್ತಾನೆ, ಹಿಡಿಂಬೆಯನ್ನು ಮದುವೆಯಾಗುತ್ತಾನೆ, ಘಟೋತ್ಕಚ ಹುಟ್ಟುತ್ತಾನೆ. ಈ ಭಾಗ ಓದಿದ ವಾರವೇ ಮಕ್ಕಳನ್ನು ಕೋಟೆ ಹತ್ತಿಸಿ. ಮೇಲೆ ಹಿಡಿಂಬೇಶ್ವರ ದೇವಸ್ಥಾನ ಇದೆ. ಹಿಡಿಂಬ ಇದ್ದದ್ದು ಇದೇ ಬೆಟ್ಟದಲ್ಲಿ ಅಂತ ಊರಿನ ನಂಬಿಕೆ. ಅಲ್ಲಿರುವ ದೊಡ್ಡ ಮೂಳೆಯೊಂದಕ್ಕೆ ಹಿಡಿಂಬನ ಹಲ್ಲು ಅಂತಲೇ ಹೆಸರು. ನಾನು ಕರೆದುಕೊಂಡು ಹೋದಾಗ ಹಾಲು ಹಲ್ಲು ಬಿದ್ದಿದ್ದ ಹುಡುಗನೊಬ್ಬ ತನ್ನ ಒಸಡು ಮುಟ್ಟಿಕೊಂಡು, "ಇದು ಬಿದ್ದ ಮೇಲೆ ಅವನಿಗೆ ಹೊಸದು ಬಂತಾ?" ಅಂದ. ಪುಸ್ತಕದಲ್ಲಿ ಒಂದು ಪುಟದಲ್ಲಿ ಸತ್ತುಹೋಗುವ ಹಿಡಿಂಬ ಇಲ್ಲಿ ಶಿವನ ಹೆಸರಿನ ಜೊತೆ ಸೇರಿ ಪೂಜೆ ಮಾಡಿಸಿಕೊಳ್ಳುತ್ತಾನೆ. ರಾಕ್ಷಸನ ಹೆಸರಿನಲ್ಲಿ ದೇವಸ್ಥಾನ ಯಾಕೆ ಅನ್ನುವ ಪ್ರಶ್ನೆ ಬಂದೇ ಬರುತ್ತೆ, ತಯಾರಾಗಿ ಹೋಗಿ.

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಜಟಿಂಗ ರಾಮೇಶ್ವರ ಬೆಟ್ಟ. ಸೀತೆಯನ್ನು ಬಿಡಿಸಲು ಹೋದ ಜಟಾಯು ರಾವಣನ ಜೊತೆ ಹೋರಾಡಿ ಬಿದ್ದದ್ದು ಇಲ್ಲೇ ಅನ್ನುತ್ತಾರೆ. ಲೇಪಾಕ್ಷಿಯವರು ನಮ್ಮಲ್ಲಿ ಅನ್ನುತ್ತಾರೆ, ಕೇರಳದವರು ನಮ್ಮಲ್ಲಿ ಅನ್ನುತ್ತಾರೆ. ಪಾಪ ಆ ಹಕ್ಕಿ ಎಷ್ಟು ಕಡೆ ಬೀಳಬೇಕು! ಅದೇ ಬೆಟ್ಟದಲ್ಲಿ ಅಶೋಕನ ಶಾಸನವೂ ಇದೆ, ಕ್ರಿಸ್ತಪೂರ್ವ 3ನೇ ಶತಮಾನದ್ದು. ನಂಬಿಕೆಯ ಕಥೆ ಯಾವುದು, ಕಲ್ಲಿನಲ್ಲಿ ಕೊರೆದ ದಾಖಲೆ ಯಾವುದು ಅಂತ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ದಾವಣಗೆರೆಯವರಿಗೆ ಹರಿಹರ ಪಕ್ಕದಲ್ಲೇ ಇದೆ. ಹರಿಯೊಬ್ಬನಿಂದಲೂ ಹರನೊಬ್ಬನಿಂದಲೂ ಸಾವಿಲ್ಲ ಅಂತ ವರ ಪಡೆದ ಗುಹಾಸುರನನ್ನು ಇಬ್ಬರೂ ಒಂದೇ ಮೈಯಾಗಿ ಬಂದು ಕೊಂದರಂತೆ. ಹೊಯ್ಸಳರ ಕಾಲದ, 13ನೇ ಶತಮಾನದ ದೇವಸ್ಥಾನದಲ್ಲಿ ಅರ್ಧ ಶಿವ ಅರ್ಧ ವಿಷ್ಣುವಿನ ಮೂರ್ತಿ ಇದೆ. ಮೂರ್ತಿಯ ಮಧ್ಯಕ್ಕೆ ಗೆರೆ ಎಳೆದ ಹಾಗೆ ನೋಡಿ, ಎರಡು ಕಡೆಯ ವ್ಯತ್ಯಾಸ ಹುಡುಕೋದು ಮಕ್ಕಳಿಗೆ ಒಳ್ಳೆ ಆಟ. ಹೊರಗೆ ಬಂದರೆ ತುಂಗಭದ್ರೆ. ಅದಕ್ಕೂ ಕಥೆ ಇದೆ. ಭೂಮಿಯನ್ನು ಎತ್ತಿ ತಂದು ದಣಿದ ವರಾಹನ ಎರಡು ಕೋರೆಗಳಿಂದ ಇಳಿದ ನೀರೇ ತುಂಗೆ ಮತ್ತು ಭದ್ರೆ.

ಅಚ್ಚಾಗದ ಪುರಾಣಗಳನ್ನೂ ಮರೆಯಬೇಡಿ. ನಮ್ಮ ಕಡೆಯ ದನಗಾಹಿ ಬುಡಕಟ್ಟುಗಳ ವೀರರಾದ ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪ, ಮ್ಯಾಸಬೇಡರ ಗಾದ್ರಿ ಪಾಲನಾಯಕ, ಇವರ ಕಥೆಗಳು ರಾಮಾಯಣಕ್ಕೇನೂ ಕಮ್ಮಿ ಇಲ್ಲ. ಅಕ್ಷರ ಕಲಿಯದ ಚಳ್ಳಕೆರೆ ಕಡೆಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡಿದವರು. ಇವುಗಳ ಸಂಗ್ರಹಗಳು ಗ್ರಂಥಾಲಯದ ಜಾನಪದ ಕಪಾಟಿನಲ್ಲಿ ಸಿಗುತ್ತವೆ. ಮಕ್ಕಳಿಗೆ ಕೊಟ್ಟರೆ ಕಷ್ಟ. ನೀವು ಓದಿಕೊಂಡು ನಿಮ್ಮ ಮಾತಲ್ಲಿ ಹೇಳಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೇ ಕೇಳಿ, ಪುಸ್ತಕದ ದುಡ್ಡೂ ಉಳಿಯುತ್ತೆ.

ಒನಕೆ ಓಬವ್ವನ ಕಥೆಯೂ ಪುರಾಣವಾ?

ಅಲ್ಲ. ಹಿಡಿಂಬನನ್ನೂ ಓಬವ್ವನನ್ನೂ ಒಂದೇ ಕೋಟೆಯಲ್ಲಿ ನೋಡುವುದರಿಂದ ಮಕ್ಕಳು ಬೆರೆಸಿಬಿಡುತ್ತಾರೆ, ತಪ್ಪೇನಿಲ್ಲ. ಓಬವ್ವ 18ನೇ ಶತಮಾನದವಳು, ಮದಕರಿ ನಾಯಕನ ಕಾಲ, ಹೈದರಾಲಿ ಮುತ್ತಿಗೆ ಹಾಕಿದ್ದ ಸಮಯ. ಕೊನೆಗೆ ಕೋಟೆ ಹೈದರನ ಕೈಗೆ ಹೋದದ್ದು 1779ರಲ್ಲಿ. ಕಿಂಡಿಯಲ್ಲಿ ತೂರಿ ಬಂದವರನ್ನು ಒನಕೆಯಲ್ಲಿ ಬಡಿದಳು ಅನ್ನುವುದು ಊರು ನೆನಪಿಟ್ಟುಕೊಂಡ ಕಥೆ. ಅವಳಿಗೆ ಎಂಟು ಕೈ, ಹಿಂದೆ ಬೆಳಕಿನ ಚಕ್ರ ಬರೆದ ಪುಸ್ತಕ ಬೇಡ. ಕೈಯಲ್ಲಿ ಇದ್ದದ್ದು ಮನೆಯ ಒನಕೆ ಅನ್ನುವುದರಲ್ಲೇ ಅವಳ ದೊಡ್ಡಸ್ತಿಕೆ ಇರೋದು.

ಇಂಗ್ಲಿಷ್ ಮೀಡಿಯಂ ಮಗು, ಕನ್ನಡ ಓದೋಕೆ ಬರಲ್ಲ. ಇಂಗ್ಲಿಷ್ ಪುಸ್ತಕವೇ ಕೊಡಲಾ?

ಕೊಡಿ, ಪರವಾಗಿಲ್ಲ. ಆದರೆ ರಾತ್ರಿ ನೀವು ಓದುವ ಪುಸ್ತಕ ಕನ್ನಡದ್ದಿರಲಿ. ಓದೋಕೆ ಬರದಿದ್ದರೂ ಕೇಳೋಕೆ ಬರುತ್ತೆ ಅಲ್ವಾ? "ಭೀಮಾ", "ಅರ್ಜುನಾ" ಅಂತ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಕೊನೆಗೆ ದೀರ್ಘ ಎಳೆಯುವ ಚಾಳಿ ತಾನಾಗಿ ಹೋಗುತ್ತೆ.

ಕಾಮಿಕ್ಸ್ ಓದಿದರೆ ಓದಿದ ಹಾಗಾ?

ಹೌದು. 1967ರಲ್ಲಿ ಅನಂತ ಪೈ ಶುರು ಮಾಡಿದ ಅಮರ ಚಿತ್ರ ಕಥೆಯಲ್ಲೇ ಎಷ್ಟೋ ಮನೆಗಳ ಮಕ್ಕಳು ಮೊದಲ ಸಲ ಪುರಾಣ ಓದಿದ್ದು. ನಾನು ಬೆಳೆದದ್ದು ಚಂದಮಾಮದಲ್ಲಿ. ಅದು ಈಗ ಬರುತ್ತಿಲ್ಲ, ಅಟ್ಟದ ಮೇಲೆ ಹಳೆಯ ಬೈಂಡುಗಳಿದ್ದರೆ ರದ್ದಿಗೆ ಹಾಕಬೇಡಿ. ಚಿತ್ರದ ಬಗ್ಗೆ ಮೇಲೆ ಹೇಳಿದ್ದು ಕಾಮಿಕ್ಸಿಗೂ ಅನ್ವಯಿಸುತ್ತೆ, ಹಳೆಯವಕ್ಕಂತೂ ಜಾಸ್ತಿ.

ಬೇರೆ ದೇಶದ, ಬೇರೆ ಧರ್ಮದ ಕಥೆ ಓದಿದರೆ ಗೊಂದಲ ಆಗಲ್ವಾ?

ಗೊಂದಲ ಆಗಲ್ಲ, ಖುಷಿ ಆಗುತ್ತೆ. ಮನುವಿನ ಅಂಗೈಯಲ್ಲಿದ್ದ ಪುಟ್ಟ ಮೀನು ಬೆಳೆದು ಪ್ರಳಯದಲ್ಲಿ ದೋಣಿ ಎಳೆದ ಕಥೆ ಓದಿದ್ದೆ. ನಮ್ಮ ಜಗಲಿಗೆ ಬರುವ ಮುಸ್ಲಿಂ ಹುಡುಗಿ ಎದ್ದು ನಿಂತು, "ನಮ್ಮಲ್ಲೂ ದೋಣಿ ಇದೆ ಮಿಸ್, ನೂಹ್ ಕಟ್ಟಿದ್ದು" ಅಂದಳು. ಅದೇ ದೋಣಿ ನೋಹನ ಹೆಸರಲ್ಲಿ ಬೈಬಲ್ಲಿನಲ್ಲೂ ಇದೆ. ಅವೆರಡಕ್ಕಿಂತ ಹಳೆಯದಾದ ಮೆಸೊಪೊಟೇಮಿಯಾದ ಗಿಲ್ಗಮೇಶನ ಕಥೆಯಲ್ಲೂ ಪ್ರಳಯ, ದೋಣಿ, ಹಾರಿಬಿಟ್ಟ ಹಕ್ಕಿ ಎಲ್ಲ ಇವೆ. ಅವತ್ತು ಕಥೆ ಹೇಳಿದ್ದು ನಾನಲ್ಲ, ಅವಳು.

ಪುಸ್ತಕಕ್ಕೆ ಜಾಸ್ತಿ ದುಡ್ಡು ಹಾಕೋಕೆ ಆಗಲ್ಲ ಕಣಮ್ಮ, ಏನು ಮಾಡೋದು?

ಕೊಳ್ಳಲೇಬೇಕು ಅಂತ ಯಾರು ಹೇಳಿದ್ದು? ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಪಟ್ಟಣದಲ್ಲಿದ್ದವರು ನಗರ ಗ್ರಂಥಾಲಯಕ್ಕೆ ಹೋಗಿ. ಹತ್ತು ತಂದು ಓದಿ. ಮಗು ತಿರುಗಿ ತಿರುಗಿ ಅದೇ ಬೇಕು ಅಂದ ಒಂದನ್ನು ಮಾತ್ರ ಕೊಳ್ಳಿ.

ನಾವೇ ಸರಿಯಾಗಿ ಓದಿಲ್ಲ. ನಾವು ಏನು ಓದೋದು?

ಮಹಾಭಾರತಕ್ಕೆ ಎ.ಆರ್. ಕೃಷ್ಣಶಾಸ್ತ್ರಿಗಳ ವಚನಭಾರತ. ಗದ್ಯದಲ್ಲಿದೆ, ಒಂದೇ ಸಂಪುಟ. ದಿನಾ ಹತ್ತು ಪುಟ ಓದಿದರೂ ಮಗುವಿಗಿಂತ ಒಂದು ಹೆಜ್ಜೆ ಮುಂದಿರುತ್ತೀರಿ. ಹಿಂದೆ ಬಿದ್ದರೆ "ನಾಳೆ ನೋಡಿ ಹೇಳ್ತೀನಿ" ಅನ್ನಿ, ನಾನು ಹೇಳುವುದೂ ಅದೇ.

ನಿಮ್ಮ ಹತ್ತಿರ ಇರುವ ಪುಸ್ತಕ ಎರವಲು ಕೊಡ್ತೀರಾ?

ಕೊಡುತ್ತೇನೆ. ಬಾಗಿಲ ಹಿಂದೆ ದಾರ ಕಟ್ಟಿದ ನೋಟ್‌ಬುಕ್ ಇದೆ, ಹೆಸರು ತಾರೀಖು ಬರೆದು ತೆಗೆದುಕೊಂಡು ಹೋಗಿ. ಎರಡು ವಾರ ಸಮಯ. ಮಂಡಕ್ಕಿ ಮೆಣಸಿನಕಾಯಿ ತಿಂದ ಕೈಯಲ್ಲಿ ಮಾತ್ರ ಮುಟ್ಟಿಸಬೇಡಿ. ಕುಂಭಕರ್ಣನ ಪುಸ್ತಕ ದಾವಣಗೆರೆಗೆ ಹೋಗಿ ಬಂದ ಮೇಲೆ ಅವನ ಹೊಟ್ಟೆಯ ಮೇಲೆ ಅಂಗೈ ಅಗಲದ ಎಣ್ಣೆ ಕಲೆ ಇದೆ. ಅವನು ಎದ್ದ ತಕ್ಷಣ ತಿಂದದ್ದು ಅದನ್ನೇ ಅಂತ ಈಗ ಎಲ್ಲ ಮಕ್ಕಳೂ ನಂಬಿದ್ದಾರೆ.